ಪೇಜ್ ಚೆನ್ನಾಗೇ ಕಾಣುತ್ತೆ, ಅರ್ಜಿ ಮಾತ್ರ ಹೋಗಲ್ಲ: ಕನ್ನಡ ವೆಬ್‌ಸೈಟಿನ ದೋಷ ಹುಡುಕುವ ಬಗೆ

ದೂರು ಹೀಗೆ ಬರುತ್ತದೆ: "ನಿಮ್ಮ ಫಾರಂ ತುಂಬೋಕೆ ಆಗ್ತಿಲ್ಲ ಸಾರ್." ಡೆವಲಪರ್ ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡುತ್ತಾನೆ. ಎಲ್ಲ ಸರಿಯಾಗಿದೆ. "ನಮ್ಮಲ್ಲಿ ಬರ್ತಾ ಇದೆಯಲ್ಲ" ಅಂತ ಉತ್ತರ ಹೋಗುತ್ತದೆ, ದೂರು ಮುಚ್ಚಿಹೋಗುತ್ತದೆ. ಇಬ್ಬರೂ ಸುಳ್ಳು ಹೇಳಿಲ್ಲ. ಒಬ್ಬರು ಮೌಸ್ ಹಿಡಿದು ದೊಡ್ಡ ಪರದೆಯಲ್ಲಿ ನೋಡಿದ್ದಾರೆ. ಇನ್ನೊಬ್ಬರು ಕಿವಿಯಿಂದ ಓದುತ್ತಿದ್ದಾರೆ, ಇಲ್ಲವೇ ಅಕ್ಷರ ದೊಡ್ಡದು ಮಾಡಿಕೊಂಡಿದ್ದಾರೆ, ಇಲ್ಲವೇ ಕೈ ನಡುಗುವುದರಿಂದ ಬರೀ ಕೀಬೋರ್ಡ್ ಬಳಸುತ್ತಿದ್ದಾರೆ.

ಇಂಥ ದೋಷ ಎಲ್ಲಿದೆ ಅಂತ ಹುಡುಕುವ ಕ್ರಮ ಇಲ್ಲಿದೆ. ಉದಾಹರಣೆಗೆ ಒಂದು ಸಹಕಾರ ಸಂಘದ ಸಾಲದ ಅರ್ಜಿ ಎಂದುಕೊಳ್ಳೋಣ. ಹೆಸರು, ಹುಟ್ಟಿದ ದಿನ, ಊರು, ಹೋಬಳಿ, ಸರ್ವೆ ನಂಬರ್, ಪಹಣಿಯ ಪ್ರತಿ, ಕೊನೆಗೆ ಒಟಿಪಿ. ಊರಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ತುಂಬಿರುವಂಥದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಗತ್ತಿಗೆಲ್ಲ ಒಂದೇ ಆಗಿರುವ ಪರೀಕ್ಷೆಯ ಪಟ್ಟಿ ಹಿಡಿದು ಕನ್ನಡದ ಪುಟ ಪರೀಕ್ಷೆ ಮಾಡಿದರೆ ಅರ್ಧ ದೋಷ ಕೈಗೆ ಸಿಗುವುದಿಲ್ಲ. ನಮ್ಮಲ್ಲಿ ಮೊದಲು ಅನುಮಾನ ಪಡಬೇಕಾದ್ದು ಕೋಡ್ ಮೇಲಲ್ಲ, ಪುಟದಲ್ಲಿರುವ ಅಕ್ಷರಗಳ ಮೇಲೆ.

ದೂರು ಹೇಳಿದವರನ್ನು ಏನು ಕೇಳಬೇಕು

"ಯಾವ ಬ್ರೌಸರ್" ಅನ್ನುವುದು ಆಮೇಲೆ. ಮೊದಲು ಎಲ್ಲಿ ನಿಂತಿತು ಅಂತ ಕೇಳಿ. "ಮುಂದೇನು ಮಾಡಬೇಕೋ ಗೊತ್ತಾಗಲಿಲ್ಲ" ಅಂದರೆ ಒಂದು ದಾರಿ. "ಒತ್ತಿದೆ, ಏನಾಯ್ತೋ ಗೊತ್ತಾಗಲಿಲ್ಲ" ಅಂದರೆ ಇನ್ನೊಂದು ದಾರಿ. ವಿನ್ಯಾಸದ ಬಗ್ಗೆ ಬರೆಯುವ ಡಾನ್ ನಾರ್ಮನ್ ಈ ಎರಡನ್ನೂ ಎರಡು ಬೇರೆ ಕಂದಕಗಳು ಅಂತ ವಿವರಿಸಿದ್ದಾರೆ. ಕೆಲಸಕ್ಕೆ ಬರುವ ಭೇದ ಇದು. ಮೊದಲನೆಯದರಲ್ಲಿ ಲೇಬಲ್, ಬಟನ್, ಹೆಡಿಂಗ್ ಹುಡುಕಿ. ಎರಡನೆಯದರಲ್ಲಿ ತಪ್ಪಿನ ಸಂದೇಶ, ಲೋಡಿಂಗ್ ಸೂಚನೆ, ಫೋಕಸ್ (ಕೀಬೋರ್ಡ್ ಈಗ ಯಾವ ಬಾಕ್ಸ್ ಇಲ್ಲವೇ ಬಟನ್ ಮೇಲಿದೆ ಅನ್ನುವುದು) ಎಲ್ಲಿಗೆ ಹೋಯ್ತು ಅನ್ನುವುದನ್ನು ನೋಡಿ.

ಆಮೇಲೆ ಸಾಧನದ ಮಾತು. ಫೋನೋ ಕಂಪ್ಯೂಟರೋ? ಟಾಕ್‌ಬ್ಯಾಕ್, ವಾಯ್ಸ್‌ಓವರ್, ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಯಾವುದಾದರೂ ಹಾಕಿದ್ದಾರಾ? ಅಕ್ಷರದ ಗಾತ್ರ ಜಾಸ್ತಿ ಮಾಡಿಕೊಂಡಿದ್ದಾರಾ? ಇದನ್ನು ಕೇಳಲು ಸಂಕೋಚ ಬೇಡ. ಅವರ ಕಣ್ಣಿನ ತೊಂದರೆ ಏನು ಅಂತ ಮಾತ್ರ ಕೇಳಬೇಡಿ, ಅದು ನಿಮಗೆ ಬೇಕಿಲ್ಲದ ವಿಷಯ.

ಮೊದಲ ಐದು ನಿಮಿಷ

ಮೌಸನ್ನು ಪಕ್ಕಕ್ಕಿಡಿ. ಟ್ಯಾಬ್ ಕೀಲಿ ಒತ್ತುತ್ತಾ ಮೇಲಿನಿಂದ ಕೆಳಗಿನವರೆಗೆ ಹೋಗಿ. ಈಗ ಎಲ್ಲಿದ್ದೀರಿ ಅಂತ ಕಣ್ಣಿಗೆ ಕಾಣಬೇಕು, ಕೊನೆಯ ಬಟನ್‌ವರೆಗೂ ತಲುಪಬೇಕು. ಮಧ್ಯೆ ಎಲ್ಲಾದರೂ ಫೋಕಸ್ ಮಾಯವಾದರೆ ಗುರುತು ಹಾಕಿಕೊಳ್ಳಿ.

ಆಮೇಲೆ ಜೂಮ್ ಅನ್ನು 400 ಪರ್ಸೆಂಟ್‌ಗೆ ಏರಿಸಿ. 1280 ಪಿಕ್ಸೆಲ್ ಅಗಲದ ಕಿಟಕಿ ಆಗ 320 ಪಿಕ್ಸೆಲ್‌ಗೆ ಸಮ, ಅಂದರೆ ಸಣ್ಣ ಫೋನಿನಷ್ಟು. ಒಂದೊಂದು ಸಾಲು ಓದಲೂ ಅಡ್ಡಕ್ಕೆ ಎಳೆಯಬೇಕಾಗಿ ಬಂದರೆ ವಿನ್ಯಾಸ ಕೆಟ್ಟಿದೆ ಅಂತ ಅರ್ಥ. ಕನ್ನಡದಲ್ಲಿ ಇದು ಬೇಗ ಕೆಡುತ್ತದೆ. 'ನೆಕ್ಸ್ಟ್' ಅಂತ ಅಳತೆ ಮಾಡಿ ಕತ್ತರಿಸಿದ ಬಟನ್‌ನಲ್ಲಿ 'ಮುಂದುವರಿಯಿರಿ' ಕೂರುವುದಿಲ್ಲ.

ಮೂರನೆಯದು, ಪುಟದಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಈ ಪರೀಕ್ಷೆ ಯಾರೂ ಮಾಡುವುದಿಲ್ಲ. ಕನ್ನಡದ ಮಟ್ಟಿಗೆ ಇದಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಲಕ್ಷಣ: ಸ್ಕ್ರೀನ್ ರೀಡರ್ ಏನೇನೋ ಗೊಣಗುತ್ತದೆ, ಇಲ್ಲವೇ ಸುಮ್ನೆ ಇರುತ್ತದೆ

ಪೇಸ್ಟ್ ಮಾಡಿದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಬಂತಾ? ಹಾಗಾದರೆ ಆ ಪುಟ ಹಳೆಯ ನುಡಿ ಅಥವಾ ಬರಹ ಫಾಂಟಿನದು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. 'ಕನ್ನಡ' ಅನ್ನುವ ಪದದೊಳಗೆ ನಿಜವಾಗಿ ಇರುವುದು ಪಿ, ತಲೆಯ ಮೇಲೆ ವಾರೆಗೀಟಿರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಎ. ಕಣ್ಣಿಗೆ ಚೆಂದದ ಕನ್ನಡ. ಸ್ಕ್ರೀನ್ ರೀಡರ್‌ಗೆ ಸಿಗುವುದು ಆ ಪಿ, ಆ ಪೌಂಡ್. ಗೂಗಲ್‌ನಲ್ಲಿ ಹುಡುಕಿದರೂ ಆ ಪುಟ ಸಿಗುವುದಿಲ್ಲ.

ಪರಿಹಾರ ಒಂದೇ: ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವುದು. ಪರಿವರ್ತನೆ ಮಾಡುವ ಸಾಧನಗಳಿವೆ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಕೂರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮುಂದೆ ಬರಬೇಕು. ಎಡವುವುದು ಅಲ್ಲೇ. ಬದಲಿಸಿದ ಮೇಲೆ 'ಅರ್ಜಿ', 'ವರ್ಷ', 'ಕಾರ್ಯದರ್ಶಿ' ಇಂಥ ಪದಗಳನ್ನು ಹುಡುಕಿ ನೋಡಿ. ಅವು ಸರಿ ಇದ್ದರೆ ಉಳಿದದ್ದೂ ಬಹುಮಟ್ಟಿಗೆ ಸರಿ ಇರುತ್ತದೆ.

ಪೇಸ್ಟ್ ಮಾಡಿದಾಗ ಕನ್ನಡವೇ ಬಂತು, ಆದರೂ ಓದುವಾಗ ಪದದ ಮಧ್ಯೆ 'ಸೊನ್ನೆ' ಅನ್ನುತ್ತದಾ? ಹಾಗಾದರೆ ಈ ಎರಡನ್ನೂ ಹತ್ತಿರದಿಂದ ನೋಡಿ: ಬೆಂಗಳೂರು, ಬೆ೦ಗಳೂರು. ಮೊದಲನೆಯದರಲ್ಲಿ ಅನುಸ್ವಾರ ಇದೆ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಬಹಳ ಫಾಂಟುಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಟೈಪ್ ಮಾಡುವವರಿಗೆ ಯಾವುದು ಸುಲಭವಾಗಿ ಸಿಕ್ಕಿತೋ ಅದನ್ನು ಹಾಕಿರುತ್ತಾರೆ. ಊರಿನ ಪಟ್ಟಿಯಲ್ಲಿ ಹೀಗಾದರೆ ಬೆಂಗಳೂರು ಅಂತ ಸರಿಯಾಗಿ ಟೈಪ್ ಮಾಡಿದವರಿಗೆ "ಇಂಥ ಊರು ಇಲ್ಲ" ಅಂತ ಬರುತ್ತದೆ! ಪದದ ಒಳಗೆ, ಅಂದರೆ ಒಂದು ಅಕ್ಷರದ ಬೆನ್ನಿಗೇ ಬಂದಿರುವ ಸೊನ್ನೆಯನ್ನೆಲ್ಲ ಹುಡುಕಿ ಅನುಸ್ವಾರ ಹಾಕುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಡೇಟಾಬೇಸ್ ಮೇಲೆ ಓಡಿಸಿ. ಬಳಕೆದಾರರು ಹಾಕುವ ಪಠ್ಯಕ್ಕೂ ಅದೇ ಶೋಧನೆ ಇರಲಿ.

ಅಕ್ಷರವೂ ಸರಿ, ಸೊನ್ನೆಯೂ ಇಲ್ಲ. ಆದರೂ ಧ್ವನಿ ಬರುತ್ತಿಲ್ಲ ಅಂದರೆ ಪುಟದ ಭಾಷೆ ಏನು ಅಂತ ಘೋಷಿಸಿದ್ದೀರಿ ನೋಡಿ. ಎಚ್‌ಟಿಎಂಎಲ್‌ನ ಮೊದಲ ಟ್ಯಾಗಿನಲ್ಲಿ 'ಲ್ಯಾಂಗ್' ಅನ್ನುವ ಗುಣ ಇರುತ್ತದೆ. ಕನ್ನಡಕ್ಕೆ ಅದರ ಬೆಲೆ 'ಕೆಎನ್'. ಕೊಂಡು ತಂದ ಟೆಂಪ್ಲೇಟಿನಲ್ಲಿ ಅದು 'ಇಎನ್' ಅಂತ ಇರುತ್ತದೆ, ಯಾರೂ ಬದಲಿಸಿರುವುದಿಲ್ಲ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ಕನ್ನಡ ಓದಲು ಹೊರಡುತ್ತದೆ. ಕೆಲವು ಧ್ವನಿಗಳು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತವೆ, ಕೆಲವು ಕನ್ನಡ ಬಂದ ಕಡೆಯೆಲ್ಲ ಮೌನ. ಎರಡು ಅಕ್ಷರ ತಿದ್ದಿದರೆ ಮುಗಿಯುವ ಕೆಲಸ ಇದು. ಪುಟದ ಮಧ್ಯೆ ಇಂಗ್ಲಿಷ್ ಪ್ಯಾರಾ ಇದ್ದರೆ ಅದಕ್ಕೆ ಮಾತ್ರ 'ಇಎನ್' ಕೊಡಿ. 'ಬ್ಯಾಂಕ್', 'ಅಕೌಂಟ್' ಅಂಥ ನಮ್ಮದೇ ಆಗಿಹೋದ ಪದಗಳಿಗೆಲ್ಲ ಕೊಡುತ್ತಾ ಕೂರಬೇಡಿ, ಪದಪದಕ್ಕೂ ಧ್ವನಿ ಬದಲಾದರೆ ಕೇಳಲಾಗದು.

ನಿಮ್ಮಲ್ಲೇ ಪರೀಕ್ಷೆ ಮಾಡಲು ಎನ್‌ವಿಡಿಎ ಸಾಕು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ, ವಿಂಡೋಸ್‌ಗೆ ಉಚಿತವಾಗಿ ಸಿಗುವ ತಂತ್ರಾಂಶ ಇದು. ಅದರ ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ಅನ್ನುವ ಧ್ವನಿ ಕನ್ನಡ ಓದುತ್ತದೆ. ಧ್ವನಿ ಇಂಪಾಗಿಲ್ಲ ನಿಜ, ದೋಷ ಹುಡುಕಲು ಇಂಪು ಬೇಕಿಲ್ಲ. ಕಿವಿಗೆ ಅಭ್ಯಾಸವಿಲ್ಲದವರು ಅದರ ಟೂಲ್ಸ್ ಮೆನುವಿನಲ್ಲಿರುವ ಸ್ಪೀಚ್ ವ್ಯೂವರ್ ತೆರೆದುಕೊಳ್ಳಿ. ಅದು ಹೇಳಿದ್ದೆಲ್ಲ ಅಕ್ಷರದಲ್ಲಿ ಕಾಣುತ್ತದೆ.

ಇನ್ನು ಚಿತ್ರ ಮತ್ತು ಪಿಡಿಎಫ್. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಹಾಕಿದರೆ ಸ್ಕ್ರೀನ್ ರೀಡರ್‌ಗೆ ಅದು ಬರೀ ಖಾಲಿ ಹಾಳೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡಿದರೂ ಒತ್ತಕ್ಷರಗಳು ಹಿಂದುಮುಂದಾಗುವುದು ಮಾಮೂಲು. ಅದೇ ಕಾಪಿ-ಪೇಸ್ಟ್ ಪರೀಕ್ಷೆ ಇಲ್ಲೂ ಮಾಡಿ. ಮಾಹಿತಿಯನ್ನು ಪುಟದಲ್ಲೇ ಹಾಕಿ, ಪಿಡಿಎಫ್ ಬೇಕೆನ್ನುವವರಿಗೆ ಪಕ್ಕದಲ್ಲಿ ಕೊಂಡಿ ಕೊಡಿ.

ಲಕ್ಷಣ: ಬಾಕ್ಸಿಗೆ ಹೋದರೆ "ಎಡಿಟ್" ಅಂತಷ್ಟೇ ಹೇಳುತ್ತದೆ

ಯಾವ ಬಾಕ್ಸ್ ಅಂತ ಹೇಳುವುದಿಲ್ಲ. ಹೆಸರು ಬರೆಯಬೇಕಾದಲ್ಲಿ ಸರ್ವೆ ನಂಬರ್ ಬರೆದುಬಿಡುತ್ತಾರೆ. ಇದನ್ನು ಪರೀಕ್ಷಿಸಲು ಸ್ಕ್ರೀನ್ ರೀಡರ್ ಕೂಡ ಬೇಡ. ಬಾಕ್ಸಿನ ಮೇಲಿರುವ 'ಸರ್ವೆ ನಂಬರ್' ಅನ್ನುವ ಪದದ ಮೇಲೆ ಕ್ಲಿಕ್ ಮಾಡಿ. ಕರ್ಸರ್ ಹಾರಿ ಬಾಕ್ಸಿನೊಳಗೆ ಬಂದರೆ ಎರಡಕ್ಕೂ ಗಂಟು ಬಿದ್ದಿದೆ. ಬರದಿದ್ದರೆ ಆ ಪದ ಸುಮ್ನೆ ಅಲ್ಲಿ ಕೂತಿದೆ, ಅಷ್ಟೇ. ಲೇಬಲ್ ಟ್ಯಾಗಿನ 'ಫಾರ್' ಮತ್ತು ಬಾಕ್ಸಿನ 'ಐಡಿ' ಒಂದೇ ಆಗಿದೆಯಾ ನೋಡಿ.

ಕೆಲವರು ಲೇಬಲ್ ತೆಗೆದುಹಾಕಿ ಬಾಕ್ಸಿನೊಳಗೇ ಮಸುಕು ಅಕ್ಷರದಲ್ಲಿ ಹೆಸರು ಬರೆದಿರುತ್ತಾರೆ. ನೋಡಲು ಚೊಕ್ಕಟ. ಒಂದಕ್ಷರ ಟೈಪ್ ಮಾಡುತ್ತಿದ್ದ ಹಾಗೇ ಅದು ಮಾಯ. ಮಧ್ಯೆ ಫೋನ್ ಬಂದು ಎದ್ದು ಹೋದವರು ವಾಪಸ್ ಬಂದಾಗ ಯಾವ ಬಾಕ್ಸಿನಲ್ಲಿ ಏನು ಕೇಳಿದ್ದರು ಅಂತ ನೆನಪಿರುವುದಿಲ್ಲ. ಕಣ್ಣು ಚೆನ್ನಾಗಿರುವವರಿಗೂ ಇದು ಕಾಟವೇ.

ಲಕ್ಷಣ: "ಸರಿಯಾದ ಹೆಸರು ನಮೂದಿಸಿ" ಅಂತ ಮತ್ತೆ ಮತ್ತೆ ಬರುತ್ತದೆ

ಹೆಸರು ಸರಿಯಾಗೇ ಇದೆ. ಇದರ ಬೇರು ಮೂರು ಕಡೆ ಇರಬಹುದು, ಮೂರೂ ನಮ್ಮ ಹೆಸರುಗಳ ಸ್ವಭಾವ ಗೊತ್ತಿಲ್ಲದೆ ಬರೆದ ಕೋಡು.

ಒಂದು, 'ಕೊನೆಯ ಹೆಸರು' ಕಡ್ಡಾಯ. ಕೆ. ಎಂ. ಲಕ್ಷ್ಮಮ್ಮ ಅನ್ನುವವರಿಗೆ ಕೊನೆಯ ಹೆಸರು ಯಾವುದು? ಇನಿಷಿಯಲ್ ಹಾಕಿದರೆ "ಕನಿಷ್ಠ ಮೂರು ಅಕ್ಷರ ಇರಲಿ" ಅನ್ನುತ್ತದೆ, ಚುಕ್ಕಿ ಇಟ್ಟರೆ "ವಿಶೇಷ ಚಿಹ್ನೆ ಬೇಡ" ಅನ್ನುತ್ತದೆ. ಕೊನೆಗೆ ಅವರು ಲಕ್ಷ್ಮಮ್ಮ ಲಕ್ಷ್ಮಮ್ಮ ಅಂತ ಎರಡು ಸಲ ಬರೆದು ಕಳಿಸುತ್ತಾರೆ, ಪಾಸ್‌ಬುಕ್ಕಿನ ಹೆಸರಿಗೆ ತಾಳೆ ಆಗದೆ ಅರ್ಜಿ ವಾಪಸ್ ಬರುತ್ತದೆ. 'ಪೂರ್ತಿ ಹೆಸರು, ಪಾಸ್‌ಬುಕ್ಕಿನಲ್ಲಿ ಇರುವಂತೆ' ಅಂತ ಒಂದೇ ಬಾಕ್ಸ್ ಇಟ್ಟರೆ ಮುಗಿಯಿತು.

ಎರಡನೆಯದು ಸ್ವಲ್ಪ ಮಜವಾಗಿದೆ. 'ಕಮಲ' ಅಂತ ಬರೆದರೆ ಒಪ್ಪುತ್ತದೆ, 'ರಾಮ' ಅಂತ ಬರೆದರೆ ಒಪ್ಪುವುದಿಲ್ಲ. ಯಾಕೆ? ಡೆವಲಪರ್ "ಅಕ್ಷರಗಳು ಮಾತ್ರ" ಅಂತ ನಿಯಮ ಹಾಕಿದ್ದಾನೆ. ಯೂನಿಕೋಡ್ ಲೆಕ್ಕದಲ್ಲಿ ಕ, ಮ, ಲ ಅಕ್ಷರಗಳು. 'ರಾ' ಹಾಗಲ್ಲ. ಅದರಲ್ಲಿ ರ ಅಕ್ಷರ, ದೀರ್ಘ ಬೇರೆಯೇ ಒಂದು ಗುರುತು. ಕಾಗುಣಿತದ ಗುರುತುಗಳು, ಅರ್ಧಾಕ್ಷರ ಮಾಡುವ ಗುರುತು, ಅನುಸ್ವಾರ, ಎಲ್ಲ ಆ 'ಗುರುತು' ವರ್ಗಕ್ಕೆ ಸೇರಿದವು. ನಿಯಮದಲ್ಲಿ ಆ ವರ್ಗವನ್ನೂ ಸೇರಿಸಬೇಕು. ಪರೀಕ್ಷೆಗೆ ಕಮಲ, ಸರಳ ಅಂಥ ಹೆಸರು ಹಾಕಿ ನೋಡಿ ಬಿಟ್ಟರೆ ಈ ದೋಷ ಎಂದಿಗೂ ಸಿಗುವುದಿಲ್ಲ.

ಮೂರು, ಉದ್ದದ ಮಿತಿ. 'ಲಕ್ಷ್ಮಮ್ಮ' ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ 9. ಅವನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅಲ್ಲಿಗೆ 27 ಬೈಟ್. ಡೇಟಾಬೇಸಿನಲ್ಲಿ ಜಾಗವನ್ನು ಬೈಟ್ ಲೆಕ್ಕದಲ್ಲಿ 50ಕ್ಕೆ ಕತ್ತರಿಸಿದ್ದರೆ ಇನಿಷಿಯಲ್, ಗಂಡನ ಹೆಸರು ಸೇರುವಷ್ಟರಲ್ಲಿ ತುಂಬಿಹೋಗುತ್ತದೆ. ಹೆಸರು ಅರ್ಧಕ್ಕೆ ತುಂಡಾಗಿ ಕೊನೆಯಲ್ಲಿ ಪ್ರಶ್ನೆ ಗುರುತಿನ ಕಪ್ಪು ಚೌಕ ಕಂಡರೆ ಇದೇ ಕಾರಣ ಅಂತ ತಿಳಿಯಿರಿ.

ಹುಟ್ಟಿದ ದಿನದ ಬಾಕ್ಸನ್ನೂ ಇಲ್ಲೇ ನೋಡಿಬಿಡಿ. ಕ್ಯಾಲೆಂಡರ್ ಮಾತ್ರ ಕೊಟ್ಟಿದ್ದರೆ 1962ರಲ್ಲಿ ಹುಟ್ಟಿದವರು ತಿಂಗಳು ತಿಂಗಳು ಹಿಂದಕ್ಕೆ ಒತ್ತುತ್ತಾ ಕೂರಬೇಕು. ಟೈಪ್ ಮಾಡಲು ಬಿಡಿ.

ತಪ್ಪಿನ ಸಂದೇಶವನ್ನು ಬರೀ ಕೆಂಪು ಅಂಚಿನಲ್ಲಿ ತೋರಿಸಬೇಡಿ. ಬಣ್ಣ ಗುರುತಿಸಲಾಗದವರಿಗೆ ಅದು ಕಾಣುವುದಿಲ್ಲ, ಸ್ಕ್ರೀನ್ ರೀಡರ್ ಅದನ್ನು ಹೇಳುವುದೂ ಇಲ್ಲ. ಬಾಕ್ಸಿನ ಕೆಳಗೆ ಪದಗಳಲ್ಲಿ ಬರೆಯಿರಿ, ಫೋಕಸನ್ನು ಮೊದಲ ತಪ್ಪಿರುವ ಬಾಕ್ಸಿಗೆ ಒಯ್ಯಿರಿ. "ಅಮಾನ್ಯ ನಮೂದು" ಅನ್ನುವ ಬದಲು "ಸರ್ವೆ ನಂಬರ್ ಜೊತೆ ಹಿಸ್ಸಾ ನಂಬರೂ ಬೇಕು, ಉದಾಹರಣೆಗೆ 45/2" ಅಂದರೆ ಫೋನ್ ಮಾಡಿ ಕೇಳುವ ತೊಂದರೆ ತಪ್ಪುತ್ತದೆ.

ಲಕ್ಷಣ: ಬಟನ್ ಇದೆ, ಕೀಬೋರ್ಡಿಗೆ ಸಿಗುವುದಿಲ್ಲ

ಅದು ಬಟನ್ ಅಲ್ಲ, ಬಟನ್ ವೇಷ ಹಾಕಿದ 'ಡಿವ್', ಅಂದರೆ ಬರೀ ಚೌಕಟ್ಟಿನ ಟ್ಯಾಗ್. ಮೌಸ್ ಕ್ಲಿಕ್‌ಗೆ ಮಾತ್ರ ಓಗೊಡುತ್ತದೆ, ಟ್ಯಾಬ್ ಅದನ್ನು ದಾಟಿ ಹೋಗುತ್ತದೆ. ಇದಕ್ಕೆ ಏರಿಯಾ (ಎಆರ್‌ಐಎ) ಗುಣಗಳನ್ನು, ಅಂದರೆ ಇದು ಏನು ಅಂತ ಸ್ಕ್ರೀನ್ ರೀಡರ್‌ಗೆ ತಿಳಿಸುವ ಗುರುತುಗಳನ್ನು ಹಚ್ಚಿ ರಿಪೇರಿ ಮಾಡುವವರಿದ್ದಾರೆ. 'ಇದು ಬಟನ್' ಅಂತ ಏರಿಯಾ ಹೇಳುತ್ತದೆ ಅಷ್ಟೇ, ಬಟನ್ನಿನ ಕೆಲಸ ಮಾಡಿಸುವುದಿಲ್ಲ. ಟ್ಯಾಬ್‌ಗೆ ಸಿಗುವಂತೆ ಮಾಡಬೇಕು, ಎಂಟರ್‌ಗೂ ಸ್ಪೇಸ್‌ಗೂ ಕೋಡ್ ಬರೆಯಬೇಕು. ನಿಜವಾದ ಬಟನ್ ಟ್ಯಾಗ್ ಹಾಕಿದರೆ ಇದೆಲ್ಲ ಪುಕ್ಕಟೆ ಬರುತ್ತದೆ. ಕೆಟ್ಟ ಏರಿಯಾಗಿಂತ ಏರಿಯಾ ಇಲ್ಲದಿರುವುದೇ ವಾಸಿ ಅಂತ ಅದನ್ನು ರೂಪಿಸಿದ, ವೆಬ್‌ನ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯವರೇ ಹೇಳುತ್ತಾರೆ.

ಬಟನ್ ಸಿಗುತ್ತದೆ, ಎಲ್ಲಿದ್ದೇವೆ ಅಂತ ಕಾಣುವುದಿಲ್ಲ ಅಂದರೆ ಸಿಎಸ್ಎಸ್‌ನಲ್ಲಿ ಔಟ್‌ಲೈನ್ (ಫೋಕಸ್ ಇರುವಲ್ಲಿ ಸುತ್ತ ಕಾಣುವ ಗೆರೆ) ತೆಗೆದಿದ್ದಾರೆ. ವಾಪಸ್ ಹಾಕಿ. ಫೋಕಸ್ ಪುಟದ ತಲೆಯಲ್ಲಿ ಅಂಟಿಕೊಂಡ ಪಟ್ಟಿಯ ಹಿಂದೆ ಅಡಗುತ್ತಿದ್ದರೆ ಸ್ಕ್ರಾಲ್ ಪ್ಯಾಡಿಂಗ್ ಕೊಡಿ. ತೆರೆದ ಪಾಪ್‌ಅಪ್ ಬಿಟ್ಟು ಫೋಕಸ್ ಹಿಂದಿನ ಪುಟದಲ್ಲಿ ಅಲೆಯುತ್ತಿದ್ದರೆ ಎಚ್‌ಟಿಎಂಎಲ್‌ನ 'ಡೈಲಾಗ್' ಟ್ಯಾಗ್ ಬಳಸಿ, ಅದನ್ನು ಮೋಡಲ್ ಆಗಿ, ಅಂದರೆ ಮುಚ್ಚುವವರೆಗೆ ಹಿಂದಿನ ಪುಟ ಸಿಗದ ಹಾಗೆ, ತೆರೆಯಿರಿ. ಎಸ್ಕೇಪ್ ಒತ್ತಿದರೆ ಮುಚ್ಚುವುದು, ಫೋಕಸ್ ಹೊರಟ ಜಾಗಕ್ಕೇ ಮರಳುವುದು, ಬ್ರೌಸರೇ ನೋಡಿಕೊಳ್ಳುತ್ತದೆ.

ಲಕ್ಷಣ: ಅಕ್ಷರ ಕಾಣಲ್ಲ, ಅಥವಾ ಅರ್ಧ ಕಾಣುತ್ತೆ

ಬಣ್ಣದಿಂದ ಶುರುಮಾಡಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬಣ್ಣದ ಅಂತರ (ಕಾಂಟ್ರಾಸ್ಟ್) ಇರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು ಅಂತ ಡಬ್ಲ್ಯುಸಿಎಜಿ (ವೆಬ್ ಎಲ್ಲರಿಗೂ ಎಟಕುವಂತೆ ಮಾಡಲು ಡಬ್ಲ್ಯು3ಸಿ ಕೊಟ್ಟ ಮಾರ್ಗಸೂಚಿ) ನಿಯಮ. ಬಿಳಿ ಮೇಲೆ #777777 ಬೂದು ಹಾಕಿದರೆ 4.48, ಕೂದಲೆಳೆಯಲ್ಲಿ ಫೇಲು. #767676 ಹಾಕಿದರೆ ಪಾಸು. ನಮ್ಮ ಲಿಪಿಗೆ ಗಡಿಯಲ್ಲಿ ಪಾಸಾಗುವುದು ಸಾಲದು ಅಂತ ನನ್ನ ಅಭಿಪ್ರಾಯ. ಅಕ್ಷರದ ಕೆಳಗೆ ಸಣ್ಣದಾಗಿ ಕೂರುವ ಒತ್ತುಗಳು ಬೂದು ಬಣ್ಣದಲ್ಲಿ ಮೊದಲು ಕರಗುತ್ತವೆ. ಇನ್ನೂ ಕಪ್ಪಗೆ ಮಾಡಿ.

ಇನ್ನೊಂದು ದೋಷ ಕತ್ತರಿಯದು. 'ಸಲ್ಲಿಸಿ' ಅನ್ನುವ ಬಟನ್ 'ಸಲಿಸಿ' ಅಂತ ಕಾಣುತ್ತದೆ. ಬಟನ್ನಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿ, ಸಾಲಿನ ಎತ್ತರ ಬಿಗಿ ಮಾಡಿ, ಹೊರಗೆ ಬಂದದ್ದನ್ನು ಮರೆಮಾಡು ಅಂತ ಬರೆದಿರುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕು. ನಮ್ಮ ಒತ್ತು ಕೆಳಗೆ ಇಳಿಯುತ್ತದೆ, ಅಲ್ವಾ? ಸಾಲಿನ ಎತ್ತರ 1.5ಕ್ಕಿಂತ ಕಡಿಮೆ ಬೇಡ. ಎತ್ತರ ಕಟ್ಟುವ ಬದಲು ಪ್ಯಾಡಿಂಗ್ ಕೊಡಿ. 'ಕ್ಷ್ಮ', 'ಸ್ತ್ರೀ', 'ತ್ಕೃ' ಇರುವ ಪದ ಹಾಕಿ ನೋಡಿದರೆ ಒಂದೇ ಸಲಕ್ಕೆ ಗೊತ್ತಾಗುತ್ತದೆ. ವಾರೆ ಅಕ್ಷರವನ್ನೂ ತೆಗೆಯಿರಿ. ಕನ್ನಡದ ಬಹುತೇಕ ಫಾಂಟುಗಳಲ್ಲಿ ಅದು ಇಲ್ಲ, ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಓರೆ ಮಾಡಿ ತೋರಿಸುತ್ತದೆ.

ಫೋನಿನಲ್ಲಿ ಎರಡು ಬೆರಳಿಂದ ಹಿಗ್ಗಿಸಲು ಆಗದಿದ್ದರೆ ವ್ಯೂಪೋರ್ಟ್ ಟ್ಯಾಗಿನಲ್ಲಿ ಜೂಮ್ ತಡೆದಿದ್ದಾರೆ. ಆ ತುಂಡನ್ನು ಅಳಿಸಿ.

ಲಕ್ಷಣ: ಅರ್ಧ ತುಂಬುವಷ್ಟರಲ್ಲಿ ಹೊರಗೆ ಹಾಕುತ್ತದೆ

ಸ್ಕ್ರೀನ್ ರೀಡರ್‌ನಲ್ಲಿ ಕೇಳುತ್ತಾ ತುಂಬುವವರಿಗೆ ಸಮಯ ಜಾಸ್ತಿ ಬೇಕು. ಸೆಷನ್ ಮುಗಿಯುವ ಮುಂಚೆ ಎಚ್ಚರಿಸಿ, ಒಂದು ಕೀಲಿ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡಿ. ತುಂಬಿದ್ದನ್ನು ಉಳಿಸಿಕೊಳ್ಳಿ. ಒಟಿಪಿ ಬಾಕ್ಸಿನಲ್ಲಿ ಪೇಸ್ಟ್ ತಡೆಯಬೇಡಿ. ಒಟಿಪಿಯನ್ನು ಆರು ಬಾಕ್ಸುಗಳಾಗಿ ಒಡೆಯುವ ಹುಚ್ಚು ಬೇರೆ ಇದೆ, ಒಂದು ಬಾಕ್ಸ್ ಸಾಕು. ವಂಕಿವಂಕಿ ಅಕ್ಷರದ ಕ್ಯಾಪ್ಚಾ ಇದ್ದರೆ ಬೇರೆ ದಾರಿಯೂ ಇರಲೇಬೇಕು. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಇದನ್ನು ಬಿಡಿಸಿ ಹೇಳಿದೆ.

ಇದು ಸೌಜನ್ಯದ ಮಾತಾಗಿ ಉಳಿದಿಲ್ಲ. ಕಣ್ಣು ಮಿಟುಕಿಸಿ ಮಾಡುವ ಕೆವೈಸಿ ಆಸಿಡ್ ದಾಳಿಗೆ ಒಳಗಾದವರಿಗೂ ದೃಷ್ಟಿ ಇಲ್ಲದವರಿಗೂ ಆಗುತ್ತಿಲ್ಲ ಎಂಬ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆ ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಮ್ಯಾನೇಜರ್ "ಇದಕ್ಕೆಲ್ಲ ಟೈಮ್ ಎಲ್ಲಿದೆ" ಅಂದಾಗ ಹೇಳಲು ನೆನಪಿಟ್ಟುಕೊಳ್ಳಿ.

ಟೂಲ್ ಹಸಿರು ತೋರಿಸುತ್ತಿದೆ, ದೂರು ನಿಂತಿಲ್ಲ

ಪುಟವನ್ನು ತಾವೇ ಪರೀಕ್ಷೆ ಮಾಡುವ ಟೂಲುಗಳಿವೆ. ಲೈಟ್‌ಹೌಸ್, ಆಕ್ಸ್, ವೇವ್, ಎಲ್ಲ ಓಡಿಸಿ, ಬೇಡ ಅನ್ನುವುದಿಲ್ಲ. ಚಿತ್ರಕ್ಕೆ ಆಲ್ಟ್ ಪಠ್ಯ, ಅಂದರೆ ಸ್ಕ್ರೀನ್ ರೀಡರ್ ಓದುವ ವಿವರಣೆ, ಇದೆಯಾ ಅಂತ ಅವು ನೋಡುತ್ತವೆ. ಆ ಪಠ್ಯ "ಐಎಂಜಿ 0045" ಅಂತಿದ್ದರೂ ಹಲವು ಸಲ ಪಾಸ್ ಮಾಡಿಬಿಡುತ್ತವೆ. ಭಾಷೆ ಘೋಷಿಸಿದ್ದೀರಾ ಅಂತ ನೋಡುತ್ತವೆ, ಕನ್ನಡದ ಪುಟಕ್ಕೆ ಇಂಗ್ಲಿಷ್ ಅಂತ ಘೋಷಿಸಿದರೂ ತೃಪ್ತಿ. ಸೊನ್ನೆ-ಅನುಸ್ವಾರದ ಗೊಂದಲ, ಕತ್ತರಿಸಿದ ಒತ್ತು, 'ರಾಮ'ನನ್ನು ಒಪ್ಪದ ನಿಯಮ, ಇವು ಯಾವುವೂ ಅವುಗಳ ಕಣ್ಣಿಗೆ ಬೀಳುವುದಿಲ್ಲ. 100ಕ್ಕೆ 100 ಬಂದ ಪುಟವೂ ಕೀಬೋರ್ಡಿಗೆ ಸಿಗದೆ ಇರಬಹುದು.

ದೂರು ಮುಚ್ಚುವ ಮುಂಚೆ ಅದನ್ನು ಹೇಳಿದವರಿಗೇ ಫೋನ್ ಮಾಡಿ, ಅವರ ಸಾಧನದಲ್ಲೇ ಅರ್ಜಿಯನ್ನು ಕೊನೆಯವರೆಗೆ ತುಂಬಿಸಿ ನೋಡಿ. ಟಿಕೆಟ್‌ನಲ್ಲಿ ಸಾಧನ, ಸ್ಕ್ರೀನ್ ರೀಡರ್, ಧ್ವನಿ, ಜೂಮ್ ಎಷ್ಟು, ಯಾವ ಬಾಕ್ಸಿನಲ್ಲಿ ನಿಂತಿತ್ತು, ಯಾವ ಸಾಲು ತಿದ್ದಿದಿರಿ ಅಂತ ಬರೆದಿಡಿ. ಕೆ. ಎಂ. ಲಕ್ಷ್ಮಮ್ಮ ಅನ್ನುವ ಹೆಸರನ್ನು ಪರೀಕ್ಷೆಯ ಡೇಟಾಕ್ಕೆ ಸೇರಿಸಿ. ಮುಂದಿನ ರಿಲೀಸ್‌ನಲ್ಲಿ ಯಾರೋ ಆ ನಿಯಮವನ್ನು ಹಳೆಯದಕ್ಕೆ ತಿರುಗಿಸಿದರೆ ಅಲ್ಲೇ ಸಿಕ್ಕಿಬೀಳುತ್ತದೆ.